ನಿದ್ದೆಯ ಸಾಲ

ನಮ್ಮ ತಂದೆಯವರಲ್ಲಿ ಒಂದು ಹಿತ್ತಾಳೆಯ ತಂಬಿಗೆಯಿತ್ತು, ಈಗಲೂ ಇದೆ. ಅದರ ನೀರು ಯಾರ ಬಾಯಾರಿಕೆಯನ್ನು ಎಷ್ಟು ತಣಿಸಿತೋ ನಾನರಿಯೆ. ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತ 2005ನೆಯ ಇಸವಿಯಲ್ಲಿ ಮಾತ್ರ ಅದು ಹೆಚ್ಚಾಗಿ ಬಿದ್ದದ್ದು ನನ್ನ ಮುಖದ ಮೇಲೆ. ಬೆಳಗಿನ ಜಾವ ನಾಲ್ಕಕ್ಕೆ ಸರಿಯಾಗಿ ಅವರು ಮಾಳಿಗೆಯ ಮೆಟ್ಟಿಲು ಹತ್ತಿ ಬರುವ ಸಪ್ಪಳ ಕೇಳಿಸುತ್ತಿತ್ತು. “ಏಳೋ ತಮ್ಮಾ, ಕೋಳಿ ಕೂಗ್ಯದ” ಎಂಬುದು ಮೊದಲ ಎಚ್ಚರಿಕೆ. ಎರಡನೆಯ ಎಚ್ಚರಿಕೆ ಎಂಬುದೊಂದು ಇರಲಿಲ್ಲ, ತಂಬಿಗೆಯೇ ಬರುತ್ತಿತ್ತು. ಕೋಳಿ ನಿಜವಾಗಿ ಕೂಗಿತ್ತೋ ಇಲ್ಲವೋ ಎಂದು ವಿಚಾರಿಸುವ ಸ್ಥಿತಿಯಲ್ಲಿ ನಾನಿರುತ್ತಿರಲಿಲ್ಲ. ಈಗ ನೆನೆದರೆ, ಆ ಹೊತ್ತಿಗೆ ಕುರ್ಡಿಯ ಕೋಳಿಗಳೂ ಮಲಗಿಯೇ ಇರುತ್ತಿದ್ದವೆಂದು ನನಗೆ ಬಲವಾದ ಸಂಶಯ.

ಕುರ್ಡಿ ನಮ್ಮೂರು; ಮಾನವಿ ತಾಲ್ಲೂಕಿನದು. ಕೃಷ್ಣೆ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನಲ್ಲಿ ಬೇಸಿಗೆಯ ರಾತ್ರಿ ಮನೆಯೊಳಗೆ ಮಲಗುವವರು ಇಬ್ಬರೇ: ಬಾಣಂತಿ ಮತ್ತು ಕಾಯಿಲೆಯವರು. ಉಳಿದವರಿಗೆಲ್ಲ ಮಾಳಿಗೆ. ಪರೀಕ್ಷೆಯ ಆ ತಿಂಗಳುಗಳಲ್ಲಿ ನಾನು ಎಂಟೂವರೆಗೆ ಊಟ ಮುಗಿಸಿ, ಒಂಬತ್ತಕ್ಕೆ ಚಾಪೆ ಹಾಸಿಕೊಂಡು, ನಕ್ಷತ್ರಗಳನ್ನು ನೋಡುತ್ತ ಬಿದ್ದಿರುತ್ತಿದ್ದೆ. ಪಕ್ಕದಲ್ಲಿ ತಂದೆಯವರ ಗೊರಕೆ ಒಂಬತ್ತೂ ಕಾಲಿಗೇ ಆರಂಭವಾಗುತ್ತಿತ್ತು. ನನಗೋ ಹನ್ನೊಂದಾದರೂ ಕಣ್ಣು ಮುಚ್ಚುತ್ತಿರಲಿಲ್ಲ. ಆಗ ನಮ್ಮ ಮನೆಯಲ್ಲಿ ಮೊಬೈಲು ಇರಲಿಲ್ಲವೆಂಬುದನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವುಂಟು. ಹನ್ನೊಂದಕ್ಕೆ ಹತ್ತಿದ ನಿದ್ದೆ ನಾಲ್ಕಕ್ಕೆ ತಂಬಿಗೆಯ ಪಾಲಾಗುತ್ತಿತ್ತು. ತಂದೆಯವರು ಏಳು ಗಂಟೆಯಷ್ಟು ನಿದ್ರಿಸಿ ಎದ್ದಿರುತ್ತಿದ್ದರು, ನಾನು ಐದು ಗಂಟೆ. ಆದರೂ ಮನೆಯಲ್ಲಿ ಸೋಮಾರಿಯೆಂಬ ಬಿರುದು ನನ್ನದೇ.

ಇದರಲ್ಲಿ ತಂದೆಯವರ ತಪ್ಪೇನೂ ಇಲ್ಲ. ನಮ್ಮದು ದಾಸರ ನಾಡು. ಹರಿಕಥಾಮೃತಸಾರವನ್ನು ಬರೆದ ಜಗನ್ನಾಥದಾಸರು ಮಾನವಿಯವರು. ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲ್ಲೂಕಿನಲ್ಲಿದೆ. ಬೆಳಗಿನ ಜಾವದಲ್ಲಿ ದೇವರನ್ನೇ ಹಾಡಿ ಎಬ್ಬಿಸುವ ಪರಂಪರೆ ನಮ್ಮದಾಗಿರುವಾಗ, ಹತ್ತನೆಯ ಇಯತ್ತೆಯ ಹುಡುಗನೊಬ್ಬನನ್ನು ಮಲಗಗೊಡುವುದುಂಟೆ? ಮೇಲಾಗಿ ವಿದ್ಯಾರ್ಥಿಗೆ ಶ್ವಾನನಿದ್ರೆ ಇರಬೇಕೆಂದು ಹಿರಿಯರು ಹೇಳಿಟ್ಟಿದ್ದಾರೆ. ಈ ಉಪಮೆಯನ್ನು ನಾನೂ ತರಗತಿಯಲ್ಲಿ ಹಲವು ಸಲ ಬಳಸಿದ್ದೇನೆ. ಆದರೆ ನಮ್ಮ ಬೀದಿಯ ನಾಯಿಗಳನ್ನು ಒಂದು ದಿನ ಪೂರ್ತಿ ಗಮನಿಸಿದವನಾಗಿ ಹೇಳುತ್ತೇನೆ: ಅವು ದಿನದ ಅರ್ಧ ಭಾಗ ಮಲಗಿಯೇ ಇರುತ್ತವೆ. ಸಪ್ಪಳಕ್ಕೆ ಕಿವಿ ನಿಮಿರಿಸುತ್ತವೆ, ನಿಜ. ಮರುಗಳಿಗೆಯಲ್ಲಿ ಮತ್ತೆ ಮೂತಿಯನ್ನು ಕಾಲುಗಳ ನಡುವೆ ಇಡುತ್ತವೆ. ಸುಭಾಷಿತಕಾರರು ನಾಯಿಯ ಎಚ್ಚರವನ್ನು ಕಂಡರು. ಅದರ ನಿದ್ದೆಯ ಒಟ್ಟು ಮೊತ್ತವನ್ನು ಕೂಡಿಸಿ ನೋಡಲಿಲ್ಲವೆಂದು ತೋರುತ್ತದೆ.

ಬ್ರಾಹ್ಮೀ ಮುಹೂರ್ತದ ಲೆಕ್ಕವೂ ಹೀಗೆಯೇ. ಸೂರ್ಯೋದಯಕ್ಕೆ ಒಂದು ಗಂಟೆ ಮೂವತ್ತಾರು ನಿಮಿಷ ಮೊದಲು ಅದು ಆರಂಭವಾಗುತ್ತದೆ. ಭಾರತದ ಗಡಿಯಾರವೆಲ್ಲ ಎಂಬತ್ತೆರಡೂವರೆ ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು. ರಾಯಚೂರು ಅದಕ್ಕಿಂತ ಐದು ಡಿಗ್ರಿಗೂ ಮಿಗಿಲಾಗಿ ಪಶ್ಚಿಮಕ್ಕಿದೆ. ಹಾಗಾಗಿ ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು 20 ನಿಮಿಷ ಹಿಂದೆ. ಜನವರಿಯಲ್ಲಿ ನಮ್ಮಲ್ಲಿ ಹೊತ್ತು ಮೂಡುವುದೇ ಆರೂಮುಕ್ಕಾಲರ ಸುಮಾರಿಗೆ. ಅಂದಮೇಲೆ ಬ್ರಾಹ್ಮೀ ಮುಹೂರ್ತ ಹುಟ್ಟುವುದು ಐದು ಗಂಟೆ ಕಳೆದ ಮೇಲೆ! ನಾಲ್ಕು ಗಂಟೆಯ ತಂಬಿಗೆಗೆ ಶಾಸ್ತ್ರದ ಬೆಂಬಲವೂ ಇರಲಿಲ್ಲವೆಂಬುದು ನನಗೆ ತಿಳಿದದ್ದು ಇಪ್ಪತ್ತು ವರ್ಷ ತಡವಾಗಿ. ಹಿಂದಿನವರು ದೀಪ ಆರಿದೊಡನೆ ಮಲಗುತ್ತಿದ್ದರು, ಆದ್ದರಿಂದ ಬೇಗ ಏಳುತ್ತಿದ್ದರು. ನಾವು ಅವರ ಏಳುವ ವೇಳೆಯನ್ನು ಭದ್ರವಾಗಿ ಇಟ್ಟುಕೊಂಡು ಮಲಗುವ ವೇಳೆಯನ್ನು ಎಲ್ಲಿಯೋ ಕಳೆದುಕೊಂಡೆವು.

ಇಷ್ಟೆಲ್ಲ ಬುದ್ಧಿ ನನಗೆ ತಾನಾಗಿ ಬಂದದ್ದಲ್ಲ. ಅದಕ್ಕೆ ನಾನು ಒಬ್ಬ ಹುಡುಗನಿಗೆ ಮಾಡಿದ ಅನ್ಯಾಯವೊಂದು ಕಾರಣ. ಅದನ್ನೇ ಹೇಳಬೇಕೆಂದು ಹೊರಟವನು ನಾಯಿಯ ಬೆನ್ನು ಹತ್ತಿ ಇಷ್ಟು ದೂರ ಬಂದೆ.

ನಾನೀಗ ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಕಲಿಸುವ ಉಪನ್ಯಾಸಕ. ದಿನದ ಮೊದಲ ಅವಧಿ ನನ್ನದಾಗಿತ್ತು. ದ್ವಿತೀಯ ವರ್ಷದ ತರಗತಿಯಲ್ಲಿ ಕುರ್ಡಿಯ ಕಡೆಯಿಂದ ದಿನಾಲು ಬಸ್ಸಿನಲ್ಲಿ ಬರುವ ಹುಡುಗನೊಬ್ಬನಿದ್ದ. ನಮ್ಮೂರಿನವನೆಂದು ಅವನ ಮೇಲೆ ನನಗೆ ಒಂದು ಹಿಡಿ ಅಕ್ಕರೆ ಹೆಚ್ಚು. ಹಾಗೆಯೇ ಅಧಿಕಾರವೂ ಹೆಚ್ಚೆಂದು ನಾನು ತಿಳಿದುಕೊಂಡಿದ್ದೆ. ಅವನು ಮೊದಲ ಬೆಂಚಿನಲ್ಲಿಯೇ ಕೂಡುತ್ತಿದ್ದ, ಮೊದಲ ಬೆಂಚಿನಲ್ಲಿಯೇ ತೂಕಡಿಸುತ್ತಿದ್ದ. ಹಿಂದಿನ ಬೆಂಚಿನವನು ಮಲಗಿದರೆ ಅದು ವಿನಯವಾದರೂ ಆದೀತು. ಉಪನ್ಯಾಸಕನ ಮೂಗಿನ ಕೆಳಗೆ ಮಲಗುವುದೆಂದರೆ?

ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ನಾನು ಪಾಠ ನಿಲ್ಲಿಸಿದೆ. ಅವನ ತಲೆ ಮೆಲ್ಲಗೆ ಬಾಗಿ, ಬಾಗಿ, ತೆರೆದ ಪುಸ್ತಕದ ಮೇಲೆ ಇಳಿಯಿತು. ಇಡೀ ತರಗತಿ ನೋಡುತ್ತಿತ್ತು. ನನ್ನ ನಾಲಗೆಗೆ ಆ ಹೊತ್ತು ಏನು ಕೊಬ್ಬು ಬಂದಿತ್ತೋ, “ಯುದ್ಧಕಾಂಡ ಬರುವತನಕ ಯಾರೂ ಇವನನ್ನು ಎಬ್ಬಿಸಬೇಡಿ. ಕುಂಭಕರ್ಣನನ್ನು ಎಬ್ಬಿಸಲು ಡೋಲು ಕಹಳೆ ಬೇಕು, ನಮ್ಮ ಕಾಲೇಜಿನಲ್ಲಿ ಅದಕ್ಕೆ ಅನುದಾನವಿಲ್ಲ” ಎಂದೆ. ತರಗತಿ ಗೊಳ್ಳೆಂದಿತು. ಆ ನಗುವಿಗೆ ಅವನು ಎಚ್ಚತ್ತ. ಕೆನ್ನೆಯ ಮೇಲೆ ಪುಸ್ತಕದ ಅಂಚಿನ ಗೆರೆ ಮೂಡಿತ್ತು. ಯಾರು ಏಕೆ ನಗುತ್ತಿದ್ದಾರೆಂದು ತಿಳಿಯದೆ ಅವನೂ ಸ್ವಲ್ಪ ನಕ್ಕ. ಆಮೇಲೆ ತಿಳಿಯಿತು, ನಗು ನಿಂತಿತು. ಹಾಸ್ಯಪ್ರಜ್ಞೆಯುಳ್ಳ ಅಧ್ಯಾಪಕನೆಂದು ನನಗೆ ಹೆಸರಿದೆ. ಅಂದು ಕೊಠಡಿಗೆ ಮರಳಿ ಸಹೋದ್ಯೋಗಿಗಳಿಗೂ ಅದನ್ನು ಹೇಳಿ ಮತ್ತೊಂದು ಸುತ್ತು ನಗಿಸಿದೆ.

ಮರುದಿನದಿಂದ ಹುಡುಗ ಬರಲಿಲ್ಲ. ಒಂದು ವಾರವಾಯಿತು, ಎರಡು ವಾರವಾಯಿತು. ಹತ್ತಿ ಬಿಡಿಸುವ ಕಾಲ. ನಮ್ಮ ಕಡೆ ಆ ದಿನಗಳಲ್ಲಿ ಹಾಜರಿ ಪುಸ್ತಕ ತೆಳ್ಳಗಾಗುವುದು ಹೊಸದೇನಲ್ಲ. ಹಾಗೆಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ.

ಎಳ್ಳಮಾವಾಸ್ಯೆ ಬಂದಿತು. ಆ ದಿನ ಎಲ್ಲಿದ್ದರೂ ನಾನು ಕುರ್ಡಿಗೆ ಹೋಗತಕ್ಕವನೇ. ಬುಟ್ಟಿ ಬುಟ್ಟಿ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಲೆ ಹೊತ್ತುಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಬದುವಿನ ಮೇಲೆ ಕುಳಿತು ಉಣ್ಣುವುದು. ಹಬ್ಬದ ದಿನ ಯಾವ ಹೊಲದವರು ಯಾವ ಹೊಲದಲ್ಲಿ ಉಂಡರೆಂಬ ಲೆಕ್ಕವಿಲ್ಲ. ನಮ್ಮ ಹೊಲ ದಾಟಿ ಮೂರನೆಯದು ಆ ಹುಡುಗನ ಮನೆಯವರದು, ಮೆಣಸಿನಕಾಯಿಯ ಹೊಲ. “ಬರ್ರೀ ಸಾರ್, ಒಂದು ತುತ್ತು ಉಂಡು ಹೋಗ್ರಿ” ಎಂದು ಅವನ ತಾಯಿ ಕರೆದಳು. ಹೋದೆ. ಜಾಲಿಯ ಮರದ ಅರೆನೆರಳಿನಲ್ಲಿ, ಹತ್ತು ಹನ್ನೆರಡು ಜನರ ಗದ್ದಲದ ನಡುವೆ, ಮುಖದ ಮೇಲೆ ಟವಲು ಹೊದ್ದು ಒಬ್ಬ ಮಲಗಿದ್ದ. ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಆ ಮಲಗುವ ಭಂಗಿ ನನಗೆ ಚೆನ್ನಾಗಿ ಪರಿಚಿತವಾದದ್ದು.

“ಎಬ್ಬಿಸಬ್ಯಾಡ್ರಿ ಸಾರ್,” ಎಂದಳು ತಾಯಿ, ನಾನು ಎಬ್ಬಿಸುವ ಮೊದಲೇ. “ರಾತ್ರಿಯೆಲ್ಲ ನೀರು ಕಟ್ಯಾನ. ಅವರಪ್ಪ ಬಂಡಿಯಿಂದ ಬಿದ್ದು ಸೊಂಟ ಹಿಡಕೊಂಡು ಕುಂತಾನ ನೋಡ್ರಿ, ದೀಪಾವಳಿಯಿಂದ. ಕರೆಂಟು ರಾತ್ರಿ ಪಾಳಿ ಬಂದಾಗ ಇವನೇ ಬರಬೇಕು.”

ಪಟ್ಟಣದ ವಾಚಕರಿಗೆ ಇದರ ಅರ್ಥ ಬಿಡಿಸಿ ಹೇಳಬೇಕು. ನೀರೆತ್ತುವ ಪಂಪಿಗೆ ಮೂರು ಫೇಸಿನ ವಿದ್ಯುತ್ತು ಬೇಕು. ಅದು ದಿನವಿಡೀ ಸಿಕ್ಕುವುದಿಲ್ಲ. ಸರದಿಯ ಮೇಲೆ ಕೆಲವು ಗಂಟೆ ಸಿಕ್ಕುತ್ತದೆ, ಆ ಸರದಿ ಎಷ್ಟೋ ಸಲ ನಡುರಾತ್ರಿಯಲ್ಲಿ ಬೀಳುತ್ತದೆ. ಆಗ ಹೊಲದಲ್ಲಿ ಒಬ್ಬನಿರಬೇಕು. ಪಂಪು ಹಾಕಬೇಕು, ಒಂದು ಮಡಿ ತುಂಬಿದೊಡನೆ ಸಲಿಕೆಯಿಂದ ಮಣ್ಣು ತೆಗೆದು ಮುಂದಿನ ಸಾಲಿಗೆ ನೀರು ತಿರುಗಿಸಬೇಕು, ಕೈಯಲ್ಲೊಂದು ಬ್ಯಾಟರಿ, ಹಾವಿನ ಭಯ, ಡಿಸೆಂಬರಿನ ಚಳಿ, ಮೊಣಕಾಲತನಕ ಕೆಸರು. ವಿದ್ಯುತ್ತು ನಿಂತ ಮೇಲೆ ಮನೆಗೆ ಬಂದು, ಒಂದು ಒಂದೂವರೆ ಗಂಟೆ ಉರುಳಿ, ಏಳರ ಬಸ್ಸು ಹಿಡಿದು, ಮೊದಲ ಅವಧಿಯಲ್ಲಿ ಮೊದಲ ಬೆಂಚಿನಲ್ಲಿ ಕುಳಿತು, ಅವನು ನನ್ನ ಕನ್ನಡ ಕೇಳಬೇಕಾಗಿತ್ತು. ಮೊದಲ ಬೆಂಚಿನಲ್ಲಿ ಏಕೆ ಕೂಡುತ್ತಿದ್ದನೆಂದು ಆಮೇಲೆ ಅವನೇ ಹೇಳಿದ: “ಮುಂದೆ ಕುಂತರ ನಿದ್ದಿ ಬರಂಗಿಲ್ಲ ಅಂದ್ಕೊಂಡಿದ್ದೆ ಸಾರ್.”

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ನಾನು ಎಷ್ಟು ವರ್ಷಗಳಿಂದ ಕಲಿಸುತ್ತಿದ್ದೇನೆ! ಅಂದು ಹಬ್ಬದ ಸಂತೆಯಲ್ಲಿ ಮಲಗಿದ್ದವನಿಗೆ ಮನೆಯ ಎಲ್ಲರಿಗಿಂತ ಹೆಚ್ಚು ಚಿಂತೆಯಿತ್ತು. ಹೋಳಿಗೆ ನನ್ನ ಗಂಟಲಲ್ಲಿ ಸುಲಭವಾಗಿ ಇಳಿಯಲಿಲ್ಲ. ಅವನು ಎದ್ದ ಮೇಲೆ ಬದುವಿನ ಮೇಲೆ ಕೂಡಿಸಿಕೊಂಡು, ತಪ್ಪಾಯಿತೆಂದು ಹೇಳಿದೆ. ಅವನಿಗೆ ಅದು ನನ್ನ ಹಾಸ್ಯಕ್ಕಿಂತ ಹೆಚ್ಚು ಮುಜುಗರವನ್ನುಂಟುಮಾಡಿತೆಂದು ಕಾಣುತ್ತದೆ. ಕಾಲಬೆರಳಿನಿಂದ ಎರೆಮಣ್ಣನ್ನು ಕೆದಕುತ್ತ, “ಇರ್ಲಿ ಬಿಡ್ರಿ ಸಾರ್” ಎಂದ. ಕಾಲೇಜು ಬಿಡುವ ಮನಸ್ಸು ಮಾಡಿದ್ದನೆಂಬುದು ಮಾತಿನಲ್ಲಿ ತಿಳಿಯಿತು. ನನ್ನ ಮಾತೊಂದೇ ಅದಕ್ಕೆ ಕಾರಣವಲ್ಲವೆಂದ. ಒಂದೇ ಅಲ್ಲ ಎಂದರೆ ಒಂದು ಹೌದು ಎಂದಾಯಿತಷ್ಟೆ.

ಮನೆಗೆ ಬಂದವನು, ನಿದ್ದೆಯ ವಿಷಯವಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಲಾರಂಭಿಸಿದೆ. ಕನ್ನಡ ಎಂ.ಎ. ಆದವನಿಗೆ ಶರೀರಶಾಸ್ತ್ರ ಎಟಕುವುದು ಅಷ್ಟರಲ್ಲಿಯೇ ಇದೆ. ಆದರೂ ಕೆಲವು ಸಂಗತಿಗಳು ಕಣ್ಣು ತೆರೆಸುವಂಥವು. 1729ರಲ್ಲಿ ಫ್ರಾನ್ಸ್ ದೇಶದ ದ ಮೇರಾನ್ ಎಂಬವನು ಮುಟ್ಟಿದರೆ ಮುನಿಯ ಗಿಡವೊಂದನ್ನು ಕತ್ತಲೆಯಲ್ಲಿಟ್ಟು ನೋಡಿದ. ಬಿಸಿಲು ಕಾಣದಿದ್ದರೂ ಅದು ಹಗಲಿನ ಹೊತ್ತಿಗೆ ಎಲೆ ಬಿಚ್ಚಿ, ರಾತ್ರಿಯ ಹೊತ್ತಿಗೆ ಮುಚ್ಚಿತಂತೆ. ಜೀವಿಗಳ ಒಳಗೇ ಒಂದು ಗಡಿಯಾರವಿದೆ ಎಂಬುದಕ್ಕೆ ಅದು ಮೊದಲ ಸುಳಿವು. ಆ ಗಡಿಯಾರ ಜೀವಕೋಶಗಳಲ್ಲಿ ಹೇಗೆ ನಡೆಯುತ್ತದೆಂದು ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ನಮ್ಮ ತಲೆಯೊಳಗೂ ಅದು ಇದೆ. ಕತ್ತಲಾದ ಮೇಲೆ ಅದರ ಅಪ್ಪಣೆಯಂತೆ ಮೆಲಟೋನಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ; ದೇಹ ನಿದ್ದೆಗೆ ಸಿದ್ಧವಾಗುತ್ತದೆ.

ಈಗ ಮುಖ್ಯ ಮಾತು. ಮಕ್ಕಳು ಹದಿವಯಸ್ಸಿಗೆ ಬಂದಾಗ ಈ ಗಡಿಯಾರವೇ ಒಂದೆರಡು ಗಂಟೆ ಹಿಂದೆ ಬೀಳುತ್ತದೆ. ಚಿಕ್ಕ ಮಗುವಿಗೆ ಎಂಟೂವರೆಗೆ ಬರುವ ನಿದ್ದೆ ಹದಿನಾರರವನಿಗೆ ಹನ್ನೊಂದರತನಕ ಬರುವುದಿಲ್ಲ. ಅದು ಅವನ ಹಟವಲ್ಲ, ದೇಹದ ಧರ್ಮ. ಇಪ್ಪತ್ತರ ಆಸುಪಾಸಿನಲ್ಲಿ ಅದು ಮತ್ತೆ ಮೆಲ್ಲನೆ ಹಿಂದಕ್ಕೆ ತಿರುಗುತ್ತದೆ. ಅಮೆರಿಕದ ಮೇರಿ ಕಾರ್ಸ್‌ಕಡನ್ ಎಂಬ ವಿದುಷಿ 1970ರ ದಶಕದಿಂದ ಹದಿಹರೆಯದವರನ್ನು ಶಿಬಿರಗಳಲ್ಲಿ ಮಲಗಿಸಿ ಪರೀಕ್ಷಿಸಿದರು. ದೊಡ್ಡವರಾದಂತೆ ನಿದ್ದೆಯ ಅಗತ್ಯ ಕಡಮೆಯಾಗುತ್ತದೆಂಬ ನಂಬಿಕೆ ಅಲ್ಲಿ ಸುಳ್ಳಾಯಿತು. ಹದಿಮೂರರಿಂದ ಹದಿನೆಂಟರವರೆಗಿನವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಸಂಸ್ಥೆ 2016ರಲ್ಲಿ ಹೇಳಿತು. ನಕ್ಷತ್ರ ನೋಡುತ್ತ ಮಾಳಿಗೆಯ ಮೇಲೆ ಬಿದ್ದಿದ್ದ ನನ್ನನ್ನು ಈ ವಾಕ್ಯ ಇಪ್ಪತ್ತು ವರ್ಷಗಳ ತರುವಾಯ ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಮೊಬೈಲು ಈ ಗಾಯದ ಮೇಲಣ ಉಪ್ಪು, ಸಂದೇಹವಿಲ್ಲ. ಅದರ ಬೆಳಕು ಗಡಿಯಾರವನ್ನು ಇನ್ನೂ ಹಿಂದಕ್ಕೆಳೆಯುತ್ತದೆ. ಆದರೆ ಗಾಯ ಮೊಬೈಲಿಗಿಂತ ಹಳೆಯದು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ರಾತ್ರಿಯ ನಿದ್ದೆಯೆಲ್ಲ ಒಂದೇ ಬಗೆಯದಲ್ಲ. ಗಾಢನಿದ್ದೆ ಮೊದಲ ಭಾಗದಲ್ಲಿ ಹೆಚ್ಚು. ದೇಹ ಬೆಳೆಯುವ ರಸ ಸುರಿಯುವುದು ಆಗ. ಕಣ್ಣಾಲಿಗಳು ರೆಪ್ಪೆಯೊಳಗೇ ಓಡಾಡುವ ಕನಸಿನ ನಿದ್ದೆ ಬೆಳಗಿನ ಕಡೆಗೆ ಹೆಚ್ಚು. ಹಗಲು ಓದಿದ್ದನ್ನು ಮೆದುಳು ತೆಗೆದು, ಕೇರಿ, ಕಣಜಕ್ಕೆ ತುಂಬುವ ಕೆಲಸ ಈ ನಿದ್ದೆಗಳಲ್ಲಿ ನಡೆಯುತ್ತದೆ. ನಾಲ್ಕು ಗಂಟೆಗೆ ಎಬ್ಬಿಸುವ ತಂದೆ ಎಂಟರಲ್ಲಿ ಎರಡು ಗಂಟೆ ಮಾತ್ರ ಕಳೆದೆನೆಂದು ತಿಳಿಯುತ್ತಾನೆ. ಆದರೆ ಅವನು ಕತ್ತರಿಸುವುದು ಕನಸಿನ ನಿದ್ದೆಯ ದೊಡ್ಡ ಪಾಲನ್ನು. ರಾಶಿಯಾದ ಜೋಳವನ್ನು ಕಣದಲ್ಲಿಯೇ ಬಿಟ್ಟು, ಮತ್ತಷ್ಟು ಜೋಳ ತರಲು ಓಡಿದಂತೆ.

ಒಮ್ಮೆ ಬಿಟ್ಟ ನಿದ್ದೆಯನ್ನು ದೇಹ ಮರೆಯುವುದಿಲ್ಲ. 1963ರ ಡಿಸೆಂಬರಿನಲ್ಲಿ ಸ್ಯಾನ್ ಡಿಯಾಗೋ ನಗರದ ರ‍್ಯಾಂಡಿ ಗಾರ್ಡನರ್ ಎಂಬ ಹದಿನೇಳರ ಹುಡುಗ ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ನಿದ್ದೆ ಬಿಟ್ಟು 264 ಗಂಟೆ, ಅಂದರೆ ಹನ್ನೊಂದು ದಿನ, ಎಚ್ಚರವಿದ್ದ. ಕೊನೆಗೆ ಅವನ ನೆನಪು, ಮಾತು, ಮನಸ್ಸು ಎಲ್ಲ ತಪ್ಪತೊಡಗಿದ್ದವು; ಮುಗಿದೊಡನೆ ಸುಮಾರು ಹದಿನಾಲ್ಕು ಗಂಟೆ ಮಲಗಿದ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಗಡಿಯಾಚೆಯ ತೆಲುಗು ಹೆಂಗಸರು ಹಾಡಿಕೊಂಡು ಬಂದಿರುವ ಊರ್ಮಿಳೆಯ ಕಥೆ. ಲಕ್ಷ್ಮಣ ಹದಿನಾಲ್ಕು ವರ್ಷ ಕಾಡಿನಲ್ಲಿ ನಿದ್ದೆಯಿಲ್ಲದೆ ಅಣ್ಣನನ್ನು ಕಾದ. ಅವನು ಬಿಟ್ಟ ನಿದ್ದೆಯನ್ನು ಊರ್ಮಿಳೆ ಅಯೋಧ್ಯೆಯಲ್ಲಿ ಮಲಗಿ ತೀರಿಸಿದಳು. ಬಿಟ್ಟ ನಿದ್ದೆಯನ್ನು ಯಾರಾದರೊಬ್ಬರು ಮಾಡಲೇಬೇಕೆಂಬ ಲೆಕ್ಕ ಆ ಹೆಂಗಸರಿಗೆ ಗೊತ್ತಿತ್ತು. ಕುರ್ಡಿಯ ಹುಡುಗನಿಗೆ ಊರ್ಮಿಳೆ ಇರಲಿಲ್ಲ; ನನ್ನ ತರಗತಿಯೇ ಅವನಿಗೆ ಅಯೋಧ್ಯೆ.

ಲೋಕ ಈ ಲೆಕ್ಕವನ್ನು ನಿಧಾನವಾಗಿ ಒಪ್ಪುತ್ತಿದೆ. ಪ್ರೌಢಶಾಲೆಗಳು ಬೆಳಗಿನ ಎಂಟೂವರೆಗಿಂತ ಮೊದಲು ಆರಂಭವಾಗಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ 2014ರಲ್ಲಿ ಸಲಹೆ ಮಾಡಿತು. ಕ್ಯಾಲಿಫೋರ್ನಿಯಾ ಅದನ್ನು ಕಾನೂನು ಮಾಡಿ 2022ರಿಂದ ಜಾರಿಗೆ ತಂದಿತು. ನೆರೆಯ ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಮಕ್ಕಳ ನಿದ್ದೆಯ ಕಾರಣದಿಂದಲೇ ನಾಲ್ಕನೆಯ ಇಯತ್ತೆಯವರೆಗಿನ ತರಗತಿಗಳು ಒಂಬತ್ತಕ್ಕೆ ಮೊದಲು ಬೇಡವೆಂದು ಆದೇಶಿಸಿತು. ಸಂತೋಷ; ಆದರೆ ಬೆಳಿಗ್ಗೆ ಆರಕ್ಕೆ ತಾವೇ ಎದ್ದು ಮನೆಯವರ ಕಿವಿ ಹಿಂಡುವ ಚಿಕ್ಕವರಿಗೆ ಈ ವಿನಾಯಿತಿ ದೊರೆತು, ನಿಜವಾಗಿ ಏಳಲಾರದ ದೊಡ್ಡ ಮಕ್ಕಳಿಗೆ ದೊರೆಯದೆ ಹೋಯಿತಲ್ಲ! ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಬೇಸಿಗೆ ಬಂದರೆ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಗಿನ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಾಯಿಸುವ ರೂಢಿಯುಂಟು. ಗುಮಾಸ್ತರ ಬೆವರಿಗೆ ಗಡಿಯಾರ ಬಾಗುವುದಾದರೆ ಮಕ್ಕಳ ನಿದ್ದೆಗೆ ಬಾಗಲಾರದೆ? ಅದು ಹಾಗಿರಲಿ, ಪರೀಕ್ಷೆ ಹತ್ತಿರ ಬಂದಾಗ ಮಕ್ಕಳ ಮನೆಗೆ ನಸುಕಿನಲ್ಲಿ ದೂರವಾಣಿ ಮಾಡಿ ಎಬ್ಬಿಸುವ ಅಧ್ಯಾಪಕ ಮಿತ್ರರು ನನಗಿದ್ದಾರೆ. ಅವರ ಶ್ರದ್ಧೆಗೆ ಕೈಮುಗಿಯುತ್ತೇನೆ. ರಾತ್ರಿ ಹತ್ತಕ್ಕೆ ದೂರವಾಣಿ ಮಾಡಿ ‘ಮಲಗಿದೆಯೇನಪ್ಪ?’ ಎಂದು ಕೇಳಿದವರನ್ನು ಮಾತ್ರ ಇನ್ನೂ ಕಂಡಿಲ್ಲ.

ಮಿತ್ರರ ಮಾತೇಕೆ, ನನ್ನ ಮನೆಯಲ್ಲಿಯೇ ಒಂದು ತಂಬಿಗೆ ಇತ್ತು. ನಮ್ಮ ಅಕ್ಕನ ಮಗಳು ವಿಜ್ಞಾನ ಓದಲು ನಮ್ಮಲ್ಲಿದ್ದಾಳೆ. ಐದೂವರೆಯ ಟ್ಯೂಷನ್ನಿಗಾಗಿ ಅವಳನ್ನು ನಾಲ್ಕೂಮುಕ್ಕಾಲಿಗೆ ಎಬ್ಬಿಸುವವನು ನಾನೇ. ನೀರು ಎರಚುತ್ತಿರಲಿಲ್ಲ, ದೀಪ ಹಾಕಿ ಪಂಖ ನಿಲ್ಲಿಸುತ್ತಿದ್ದೆ. ರಾಯಚೂರಿನ ಸೆಕೆಯಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಹಗಲೆಲ್ಲ ಕಾದ ಕಾಂಕ್ರೀಟಿನ ತಾರಸಿ ನಡುರಾತ್ರಿಯವರೆಗೂ ಒಳಕ್ಕೆ ಕಾವು ಇಳಿಸುತ್ತದೆ. ದೇಹ ತಣಿಯದೆ ನಿದ್ದೆ ಹತ್ತದು. “ಹುಡುಗಿ ಓದಿದ್ದು ತಲೆಗೆ ಹತ್ತವಲ್ದು ಅಂತ ಅಳ್ತಾಳ, ನೀವು ನೋಡಿದ್ರ ಇನ್ನೊಂದು ತಾಸು ಮೊದಲೇ ಎಬ್ಬಿಸ್ತೀನಿ ಅಂತೀರಿ” ಎಂದು ನನ್ನ ಹೆಂಡತಿ ತಿಂಗಳುಗಳಿಂದ ಹೇಳುತ್ತಿದ್ದಳು. ಅದನ್ನು ನಾನು ಹೆಂಗರುಳೆಂದು ತಳ್ಳಿಹಾಕಿದ್ದೆ. ಕಾರ್ಸ್‌ಕಡನ್ ಹೇಳಿದ್ದನ್ನು ಒಪ್ಪಿದವನು ಹೆಂಡತಿ ಹೇಳಿದ್ದನ್ನು ಒಪ್ಪಿರಲಿಲ್ಲವೆಂಬುದು ಮನೆಯಲ್ಲಿ ಈಗ ದಿನನಿತ್ಯದ ಹಾಸ್ಯ. ಸಂಕ್ರಾಂತಿ ಕಳೆದ ಮೇಲೆ ಅವಳನ್ನು ಸಂಜೆಯ ತಂಡಕ್ಕೆ ಬದಲಾಯಿಸಿದೆವು. ಮೊಬೈಲು ಹತ್ತಕ್ಕೆ ಅಡಿಗೆಮನೆಯ ಡಬ್ಬಿಗಳ ಸಾಲಿನಲ್ಲಿ ಕೂಡುತ್ತದೆ. ನ್ಯಾಯವೆಂದರೆ ನ್ಯಾಯ, ಅದರ ಪಕ್ಕದಲ್ಲಿ ನನ್ನದೂ ಕೂಡಬೇಕೆಂದು ಅವಳ ಷರತ್ತು. ಮೊದಲ ವಾರ ನನಗೇ ಹೆಚ್ಚು ಕಷ್ಟವಾಯಿತು.

ಆ ಹುಡುಗ ಜನವರಿಯಲ್ಲಿ ತಿರುಗಿ ಬಂದ. ಅವನ ತಂದೆಯ ಸೊಂಟ ಪೂರ್ತಿ ನೆಟ್ಟಗಾಗಿಲ್ಲ. ರಾತ್ರಿಯ ಸರದಿಗೆ ಈಗ ಅವನ ದೊಡ್ಡಪ್ಪನ ಮಗನೂ ಕೈಗೂಡಿಸುತ್ತಾನೆ. ನಾನು ಪ್ರಾಚಾರ್ಯರನ್ನು ಕೇಳಿಕೊಂಡು ಮೊದಲ ಅವಧಿಯನ್ನು ಸಹೋದ್ಯೋಗಿಯೊಬ್ಬರೊಡನೆ ಬದಲಾಯಿಸಿಕೊಂಡೆ. ಅವರು ಗಟ್ಟಿ ಗಂಟಲಿನವರು. ಹುಡುಗ ಮೂರನೆಯ ಬೆಂಚಿಗೆ, ಗೋಡೆಯ ಪಕ್ಕಕ್ಕೆ, ಸರಿದಿದ್ದಾನೆ. ಕೆಲವು ದಿನ ಈಗಲೂ ಅವನ ತಲೆ ಗೋಡೆಗೊರಗುವುದುಂಟು. ಆಗ ನಾನು ಧ್ವನಿಯನ್ನು ಸ್ವಲ್ಪ ತಗ್ಗಿಸಿ ಓದುತ್ತೇನೆ. ತರಗತಿಯ ಉಳಿದವರು ಇದನ್ನು ಭಾವಾಭಿನಯವೆಂದು ತಿಳಿದಿದ್ದಾರೆ.

ಕುರ್ಡಿಯಿಂದ ನಮ್ಮ ತಂದೆಯವರು ಮೊಮ್ಮಗಳ ವಿದ್ಯಾಭ್ಯಾಸದ ಯೋಗಕ್ಷೇಮ ವಿಚಾರಿಸಲು ವಾರಕ್ಕೆ ಎರಡು ಮೂರು ಸಲ ದೂರವಾಣಿ ಮಾಡುತ್ತಾರೆ. ಬೆಳಗಿನ ಐದು ಗಂಟೆಗೆ ಸರಿಯಾಗಿ. ಮೊನ್ನೆಯೂ ಮಾಡಿದ್ದರು.

“ಹುಡುಗಿ ಎದ್ದಾಳೇನೋ?”

ನಡುಮನೆಯ ಕತ್ತಲೆಯಲ್ಲಿ ನಿಂತು, ಅವಳ ಕೋಣೆಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದುಕೊಂಡು, “ಎದ್ದಾಳಪ್ಪ, ಓದ್ಲಿಕ್ಕೆ ಕುಂತಾಳ” ಎಂದೆ.